ಅವ್ವನ ಎಕ್ಸರ್‌ಸೈಜ್ ಸೈಕಲ್ ಮೀಟರ್ ರಿಪೇರಿ, ಇಲ್ಲಿಮಟ ಆಗಿದ್ದು

ಸೈಕಲ್ ಹಳೇದಾದ್ರೂ ಗಟ್ಟಿ ಐತಿ, ಪೆಡಲ್ ತಿರುಗ್ತೈತಿ, ಬೆಲ್ಟ್ ಸವದಿಲ್ಲ, ಒಳಗಿನ ಫ್ಲೈವೀಲ್ ಸದ್ದು ಮಾಡಂಗಿಲ್ಲ. ಕೆಟ್ಟಿದ್ದು ಹ್ಯಾಂಡಲ್ ಮ್ಯಾಲಿನ ಮೀಟರ್ ಒಂದ. ಸ್ಪೀಡು 16.8 ಅಂತ ತೋರಿಸಬೇಕಾದಲ್ಲಿ 158 ಅಂತ ತೋರಿಸ್ತಿತ್ತು. ಅವ್ವಗ ಮೊಣಕಾಲು ನೋವು, ಫಿಸಿಯೋ ಡಾಕ್ಟ್ರು ದಿನಾ ಹಗೂರಕ ತುಳೀರಿ ಅಂದಾರ, ಆಕಿ ತುಳದಿದ್ದನ್ನ ಗ್ವಾಡಿ ಕ್ಯಾಲೆಂಡರ್ ಮ್ಯಾಲ ತಾರೀಖಿನ ಬಾಜುಕ ಬರದಿಡ್ತಾಳ. ಅಂಕಿ ನಂಬಂಗಿಲ್ಲ ಅಂತ ಗೊತ್ತಾದ ಮ್ಯಾಲ ಬರಿಯೋದ ಬಿಟ್ಳು, ಬರಿಯೋದು ಬಿಟ್ಟ ಮ್ಯಾಲ ತುಳಿಯೋದೂ ಕಡಿಮಿ ಆತು. ಅದಕ್ಕ ಈ ಕೆಲಸ ಕೈಗೆ ತಗೊಂಡೆ.

ಸ್ಟೇಷನ್ ರೋಡ್ ಕಡೆ ಒಬ್ರ ಹತ್ರ ತೋರಿಸಿದಾಗ ಬೋರ್ಡ್ ಹೋಗೈತಿ, ಈ ಮಾಡಲ್ ಮೀಟರ್ ಈಗ ಬರಂಗಿಲ್ಲ, ಹೊಸಾದ್ ತಗೋರಿ ಅಂದ್ರು. ನನಗ ಅದು ಒಪ್ಪಿಗಿ ಆಗಲಿಲ್ಲ, ಯಾಕಂದ್ರ ಬೋರ್ಡ್ ಹೋಗಿದ್ರ ಅಂಕಿ ಹಿಂಗ ಒಂದು ಲೆಕ್ಕದಾಗ ತಪ್ಪಂಗಿಲ್ಲ. ಕುಂತು ಗಮನಿಸಿದೆ. ನಡುವಿನ ಅಂಕಿ 6 ಬರೋ ಕಡೆ 5, 8 ಬರೋ ಕಡೆ 9, ಆಚೀಚೆ ಜಾಗದ ಅಂಕಿ ಎಲ್ಲಾ ಸರಿ. ಒಂದೊಂದು ಅಂಕಿ ಏಳು ಕಡ್ಡಿ ಸೇರಿ ಆಗಿರ್ತೈತಿ, ಎಡಕ್ಕ ತೆಳಗಿನ ಕಡ್ಡಿ ಒಂದು ಮಾಯ ಆದ್ರ 6 ಹೋಗಿ 5 ಆಗ್ತೈತಿ, 8 ಹೋಗಿ 9 ಆಗ್ತೈತಿ. ಅದರ ಜೋಡಿ ಪಾಯಿಂಟ್ ಚುಕ್ಕಿನೂ ಇಲ್ಲ. ಇಂಥ ಡಿಸ್‌ಪ್ಲೇದಾಗ ಗಾಜಿನ ಅಂಚಿನ ಒಂದು ಪಿನ್ನು ಎರಡು ಮೂರು ಕಡ್ಡಿಗೆ ಹಂಚಿ ಹೋಗಿರ್ತೈತಿ, ಹಂಗಾಗಿ ಆ ಕಡ್ಡಿ ಆ ಚುಕ್ಕಿ ಎರಡೂ ಒಂದ ಪಿನ್ನಿಗೆ ಸೇರಿರಬೇಕು, ಆ ಪಿನ್ನಿಗೆ ಕರೆಂಟ್ ಮುಟ್ಟವಲ್ದು, ಅಷ್ಟ. ಎಲ್ಲಾ ಅಂಕಿಯೊಳಗೂ ಒಂದ ಸಾಲಿನ ಕಡ್ಡಿ ಹೋಗಿದ್ರ ಎಲ್ಲಾ ಅಂಕಿಗೂ ಸೇರಿ ಹೋಗೋ ಕಾಮನ್ ಲೈನ್ ನೋಡಬೇಕಾಗ್ತಿತ್ತು.

ಬಿಚ್ಚೋಕಿಂತ ಮೊದಲು ಮೀಟರ್ ಚಾಲೂ ಇಟ್ಟು ಗಾಜಿನ ತೆಳಗಿನ ಅಂಚಿನ ಹತ್ರ ಫ್ರೇಮನ್ನ ಹೆಬ್ಬೆರಳಿಂದ ಮೆಲ್ಲಕ ಒತ್ತಿದೆ. ಚುಕ್ಕಿ ಬಂತು, ಕೈ ಬಿಟ್ರ ಹೋತು. ಒತ್ತಿದ್ರ ಬರ್ತೈತಿ ಅಂದ್ರ ಗಾಜೂ ಸರಿ ಐತಿ, ಬೋರ್ಡಿನ ಚಿಪ್ಪೂ ಸರಿ ಐತಿ, ನಡುವಿನ ಕಾಂಟ್ಯಾಕ್ಟ್ ಒಂದ ಸಡಲೈತಿ. ನಿಮ್ಮ ಮನ್ಯಾಗಿನ ಹಳೇ ಮೀಟರ್ ಹಿಂಗ ಆಗಿದ್ರ ಎಸಿಯೋಕಿಂತ ಮೊದಲು ಇದೊಂದು ಮಾಡಿ ನೋಡ್ರಿ, ರೂಪಾಯಿ ಖರ್ಚಿಲ್ಲ.

ಶುರು ಮಾಡಿದ್ದು ಸೆಲ್ ಡಬ್ಬಿಯಿಂದ. ಎರಡು ಪೆನ್ಸಿಲ್ ಸೆಲ್, ಒಂದೊಂದು ಒಂದೂವರೆ ವೋಲ್ಟ್, ಸೇರಿ 3 ವೋಲ್ಟ್. ಸ್ಪ್ರಿಂಗ್ ಮ್ಯಾಲ ಹಸುರು ಬಿಳಿ ಪುಡಿ ಕಟ್ಟಿತ್ತು. ಹೊಸಾ ಸೆಲ್ ಹಾಕಿ ಮಲ್ಟಿಮೀಟರ್ ಹಿಡಿದ್ರ ಸೆಲ್ಲಿನ ಬಾಯಿಗೆ ಪೂರ್ತಿ ವೋಲ್ಟ್ ಐತಿ, ಬೋರ್ಡಿಗೆ ಹೋಗೋ ವೈರಿನ ತುದಿಗೆ ಭಾಳ ಕಡಿಮಿ ಬರ್ತೈತಿ, ನಡುವ ಎಲ್ಲಾ ಆ ಪುಡಿ ತಿಂತೈತಿ. ಅಂಕಿ ಮಸಕಾಗಿ ಕಾಣ್ತಿದ್ದಕ್ಕ ಅದೂ ಒಂದು ಕಾರಣ. ಇಲ್ಲೊಂದು ಮಾತು ಹೇಳಬೇಕು, ಆಲ್ಕಲೈನ್ ಸೆಲ್ ಸೋರಿದ್ರ ಅದು ಕ್ಷಾರ, ಅದಕ್ಕ ನಿಂಬೆಹಣ್ಣಿನ ರಸ ಇಲ್ಲಾ ವಿನೆಗರ್ ಹಚ್ಚಿದ್ರ ಬಿಡ್ತೈತಿ. ಅಗ್ಗದ ಜಿಂಕ್ ಕಾರ್ಬನ್ ಸೆಲ್ ಸೋರಿದ್ರ ಅದು ಹುಳಿ ಜಾತಿ, ಅದಕ್ಕ ಅಡಿಗಿ ಸೋಡಾ ನೀರಾಗ ಕಲಸಿ ಹಚ್ಚಬೇಕು. ನಮ್ಮದು ಆಲ್ಕಲೈನ್, ಹಂಗಾಗಿ ಕಿವಿಗೆ ಹಾಕೋ ಹತ್ತಿ ಕಡ್ಡಿಗೆ ನಿಂಬೆ ರಸ ಹಚ್ಚಿ ತಿಕ್ಕಿದೆ, ಆಮ್ಯಾಲ ಒದ್ದಿ ಅರಿವಿಲೆ ಒರಸಿ ಪೂರ್ತಿ ಒಣಗಿಸಿದೆ. ಒಂದು ಸ್ಪ್ರಿಂಗ್ ತೀರಾ ತಿಂದು ಹೋಗಿತ್ತು, ಅದನ್ನ ತೆಗದು ಹಳೇ ಟಾರ್ಚಿನ ಸ್ಪ್ರಿಂಗ್ ಬೆಸುಗಿ ಹಾಕಿದೆ.

ಅಪ್‌ಡೇಟ್: ಮೀಟರ್ ಪೂರ್ತಿ ಬಿಚ್ಚಿದೆ. ಬಿಚ್ಚೋ ಒಂದೊಂದು ಹಂತಕ್ಕೂ ಫೋನಿನ್ಯಾಗ ಫೋಟೋ ಹೊಡಕೊಂಡೆ, ಸ್ಕ್ರೂ ಎಲ್ಲಾ ಒಂದು ತಟ್ಟಿಯೊಳಗ. ಒಳಗ ಧೂಳು ನೋಡಿದ್ರ ನಮ್ಮ ರಾಯಚೂರಿನ ಬೇಸಿಗಿ ಗಾಳಿ ಎಲ್ಲಾ ಅಲ್ಲೇ ಕುಂತಂಗಿತ್ತು, ಹತ್ತಿ ಎಳಿ ಬ್ಯಾರೆ. ಬೋರ್ಡ್ ಮ್ಯಾಲ ಕರಿ ಅಂಟಿನ ಗುಡ್ಡಿ ಐತಿ, ಅದರ ತೆಳಗ ಚಿಪ್ಪು, ಅದು ಹೋಗಿದ್ರ ಮಾತ್ರ ರಿಪೇರಿ ಇಲ್ಲ. ಗಾಜಿಗೂ ಬೋರ್ಡಿಗೂ ನಡುವ ಬೆಸುಗಿ ಇಲ್ಲ, ಒಂದು ತೆಳ್ಳನ ರಬ್ಬರ್ ಪಟ್ಟಿ ಐತಿ, ಜೀಬ್ರಾ ಸ್ಟ್ರಿಪ್ ಅಂತಾರ. ಕರೆಂಟ್ ಹರಿಯೋ ಕಾರ್ಬನ್ ಪದರ ಒಂದು, ಹರೀದಿರೋ ಸಿಲಿಕೋನ್ ಪದರ ಒಂದು, ಹಿಂಗ ಒಂದಾದ ಮ್ಯಾಲ ಒಂದು ಕೂದಲೆಳಿಯಷ್ಟು ಸಣ್ಣಗ ಜೋಡಿಸಿರ್ತಾರ, ಒತ್ತಿ ಹಿಡದಷ್ಟು ಹೊತ್ತು ಬೋರ್ಡಿನ ಒಂದೊಂದು ಪಟ್ಟಿ ಗಾಜಿನ ಒಂದೊಂದು ಪಿನ್ನಿಗೆ ಸೇರಿಕೊಂಡಿರ್ತೈತಿ. ಒತ್ತಡ ಸಡಲಿದ್ರ ಇಲ್ಲಾ ಧೂಳು ಕುಂತ್ರ ಕಡ್ಡಿ ಮಾಯ. ಹೊಸಾ ಡಿಸ್‌ಪ್ಲೇ ಬೇಕು ಅಂತ ಜನ ಬಡಕೊಳ್ಳೋ ಎಷ್ಟೋ ಕೇಸಿನ್ಯಾಗ ಈ ರಬ್ಬರ್ ಒರಸಿದ್ರ ಸಾಕಾಗಿರ್ತೈತಿ ಅಂತ ನನಗ ಅನಸ್ತೈತಿ.

ತೀನ್ ಕಂದೀಲ್ ಹತ್ರ ಮೊಬೈಲ್ ರಿಪೇರಿ ಮಾಡೋ ಚಾಚಾನ ಕೇಳಿದ್ದಕ್ಕ ಐಪಿಎ, ಅಂದ್ರ ಐಸೊಪ್ರೊಪೈಲ್ ಆಲ್ಕೋಹಾಲ್, ಒಂದು ಸಣ್ಣ ಶೀಶೆ ಕೊಟ್ರು, "ಬೇಟಾ, ರಬ್ಬರಿಗೆ ಕೈಯಿಂದ ಮುಟ್ಟಬ್ಯಾಡ, ಬೆರಳಿನ ಎಣ್ಣಿ ಹತ್ತತೈತಿ, ಚಿಮುಟಿಗೀಲೆ ಹಿಡಿ" ಅಂದ್ರು. ಹಂಗ ಮಾಡಿದೆ. ರಬ್ಬರ್ ಪಟ್ಟಿಯ ಎರಡೂ ಅಂಚು, ಗಾಜಿನ ಅಂಚು, ಬೋರ್ಡಿನ ಪಟ್ಟಿಗಳು ಎಲ್ಲಾ ಐಪಿಎ ಹಚ್ಚಿ ಹಗೂರಕ ಒರಸಿದೆ. ಬೋರ್ಡಿನ ಪಟ್ಟಿ ಕರಿ ಕಾರ್ಬನ್ನಿನವು ಇದ್ರ ಪೆನ್ಸಿಲ್ ರಬ್ಬರಿಲೆ ಜೋರು ತಿಕ್ಕಬ್ಯಾಡ್ರಿ, ಕಿತ್ತು ಬರ್ತಾವ. ಗಾಜಿಗೆ ನೇರ ಸೆಲ್ ಹಚ್ಚಿ ಟೆಸ್ಟ್ ಮಾಡೋದೂ ಬ್ಯಾಡ, ಎಲ್‌ಸಿಡಿಗೆ, ಅಂದ್ರ ಇಂಥ ಗಾಜಿನ ಡಿಸ್‌ಪ್ಲೇಗೆ, ಆ ಕಡೆ ಈ ಕಡೆ ಬದಲಾಗೋ ಕರೆಂಟ್ ಬೇಕು, ಡಿಸಿ, ಅಂದ್ರ ಸೆಲ್ಲಿನಂಗ ಒಂದ ಕಡೆ ಹರಿಯೋ ಕರೆಂಟ್, ಭಾಳ ಹೊತ್ತು ಕೊಟ್ರ ಒಳಗಿನ ಪದಾರ್ಥ ಕೆಡ್ತೈತಿ.

ವಾಪಸ್ ಜೋಡಿಸೋ ಮುಂದ ಗಾಜು ಒತ್ತಿ ಹಿಡಿಯೋ ಪ್ಲಾಸ್ಟಿಕ್ ಫ್ರೇಮು ಒಂದು ಕಡೆ ಸ್ವಲ್ಪ ಬಾಗಿದ್ದು ಕಂಡಿತು, ಅದ ನಿಜವಾದ ರೋಗ. ಆ ಕಡೆ ಫ್ರೇಮಿಗೂ ಗಾಜಿಗೂ ನಡುವ ಕರೆಂಟ್ ಟೇಪಿನ ಸಣ್ಣ ತುಂಡು ಇಟ್ಟೆ, ಸ್ಕ್ರೂ ಮೂಲಿಯಿಂದ ಮೂಲಿಗೆ ಸ್ವಲ್ಪ ಸ್ವಲ್ಪ ಬಿಗಿ ಮಾಡಿದೆ. ಒಂದ ಸಲಕ್ಕ ಒಂದು ಕಡೆ ಬಿಗಿ ಮಾಡಿದ್ರ ಗಾಜು ಒಡೀತೈತಿ. ಸೆಲ್ ಹಾಕಿದ ಕೂಡಲೆ ಮೀಟರ್ ಎಲ್ಲಾ ಕಡ್ಡಿ ಒಂದ ಸಲ ತೋರಿಸ್ತೈತಿ, ಎಲ್ಲಾ ಬಂದ್ವು, ಚುಕ್ಕಿನೂ ಬಂತು. ಅವ್ವ ಕನ್ನಡಕ ಹಾಕ್ಕೊಂಡು ಹತ್ರ ಬಂದು ನೋಡಿ "ಈಗ ಖರೇ ತೋರಸ್ತೈತೇನಪಾ" ಅಂದ್ಳು, ಹೂಂ ಅವ್ವ ಅಂದೆ.

ಇನ್ನೊಂದು ಅಪ್‌ಡೇಟ್: ಅಂಕಿ ಸರಿ ಬಂದ ಮ್ಯಾಲ ಬ್ಯಾರೆ ತೊಂದ್ರಿ ಕಂಡಿತು, ತುಳೀತಾ ತುಳೀತಾ ಸ್ಪೀಡು ಒಮ್ಮಿಂದೊಮ್ಮೆ 0 ಆಗ್ತಿತ್ತು. ಇದು ಡಿಸ್‌ಪ್ಲೇದ ತಪ್ಪಲ್ಲ. ಒಳಗ ತಿರುಗೋ ಪುಲ್ಲಿಗೆ ಒಂದು ಮ್ಯಾಗ್ನೆಟ್ ಹಚ್ಚಿರ್ತಾರ, ಅದರ ಎದುರಿಗೆ ರೀಡ್ ಸ್ವಿಚ್, ಅಂದ್ರ ಗಾಜಿನ ಸಣ್ಣ ಕೊಳವಿಯೊಳಗ ಎರಡು ಕಬ್ಬಿಣದ ಎಲಿ. ಮ್ಯಾಗ್ನೆಟ್ ಮುಂದ ಬಂದಾಗೊಮ್ಮೆ ಎಲಿ ಕೂಡ್ತಾವ, ಮೀಟರ್ ಒಂದು ಎಣಸ್ತೈತಿ, ಸುತ್ತಿಗೆ ಇಷ್ಟು ದೂರ ಅಂತ ಮೊದಲ ಬರದಿಟ್ಟಿದ್ದಕ್ಕ ಗುಣಿಸಿ ಕಿಲೋಮೀಟರ್ ಹೇಳ್ತೈತಿ. ಮೀಟರಿಗೆ ಬರೋ ವೈರ್ ತೆಗದು ಸಾಕೆಟ್ಟಿನ ಎರಡೂ ತುದಿ ತಂತಿಲೆ ಟಕ್ ಟಕ್ ಅಂತ ಕೂಡಿಸಿ ಬಿಟ್ರ ಸ್ಪೀಡು ಬಂತು, ಅಂದ್ರ ಮೀಟರ್ ಸರಿ. ಸೈಡ್ ಕವರ್ ತೆಗದ್ರ ರೀಡ್ ಸ್ವಿಚ್ಚಿನ ಕ್ಲಿಪ್ ಸಡಲಾಗಿ ಮ್ಯಾಗ್ನೆಟ್ಟಿಂದ ದೂರ ಸರದಿತ್ತು. ಕೆಲವೇ ಮಿಲಿಮೀಟರ್ ಸಂದು ಉಳಿಯೋ ಹಂಗ ಹತ್ರ ತಂದು ಟೈ ಹಾಕಿ ಕಟ್ಟಿದೆ, ಈಗ ಬಿಡದಂಗ ಎಣಸ್ತೈತಿ.

ಈ ಮೀಟರಿನ ಕ್ಯಾಲರಿ ಅಂಕಿ ಮಾತ್ರ ನಂಬಬ್ಯಾಡ ಅಂತ ಅವ್ವಗ ಹೇಳೀನಿ. ಅದಕ್ಕ ಆಕಿ ತೂಕ ಗೊತ್ತಿಲ್ಲ, ಪೆಡಲ್ ಬಿಗಿ ಮಾಡೋ ನಾಬ್ ಎಷ್ಟು ಬಿಗಿ ಐತಿ ಗೊತ್ತಿಲ್ಲ, ಸುತ್ತಿನ ಮ್ಯಾಲ ಅಂದಾಜು ಹಾಕ್ತೈತಿ. ಟೈಮು ಮತ್ತ ದೂರ ಎರಡ ಬರದ್ರ ಸಾಕು, ಮೊಣಕಾಲಿಗೆ ಅದರ ಲೆಕ್ಕನ ಬೇಕಾಗಿದ್ದು.

ಸೈಕಲ್ಲಿನ ಜಾಗಾನೂ ಬದಲಿ ಮಾಡಿದೆ. ಮೊದಲು ಪಶ್ಚಿಮದ ಕಿಟಕಿ ಮುಂದ ಇತ್ತು, ನಮ್ಮ ಕಡೆ ಏಪ್ರಿಲ್ ಮೇ ಬಂತಂದ್ರ 40 ಡಿಗ್ರಿ ದಾಟ್ತೈತಿ, ನೇರ ಬಿಸಿಲಿಗೆ ಕರಿ ಪ್ಲಾಸ್ಟಿಕ್ ಅದಕ್ಕಿಂತ ಭಾಳ ಕಾಯ್ತೈತಿ. ಹಿಂದಿನ ಬೇಸಿಗಿ ಒಮ್ಮೆ ಗಾಜು ಪೂರ್ತಿ ಕರ್ರಗಾಗಿ ಸಂಜಿಗೆ ತಾನ ಸರಿ ಆಗಿತ್ತು, ಕಾರಣ ಈಗ ಓದಿ ತಿಳಕೊಂಡೆ. ಒಂದ ದಿಕ್ಕಿನ ಬೆಳಕು ಮಾತ್ರ ಬಿಡೋ ಎರಡು ಪೋಲರೈಸರ್ ಹಾಳಿ ನಡುವ ಇರೋ ಲಿಕ್ವಿಡ್ ಕ್ರಿಸ್ಟಲ್, ಅಂದ್ರ ದ್ರವದಂಗ ಹರಿದ್ರೂ ಅಣುಗಳು ಸಾಲಾಗಿ ನಿಂತಿರೋ ಪದಾರ್ಥ, ಬೆಳಕನ್ನ ತಿರುವಿ ಆಚೆ ಬಿಡ್ತೈತಿ, ಒಂದು ಮಟ್ಟಕ್ಕಿಂತ ಹೆಚ್ಚು ಕಾದ್ರ ಅದರ ಅಣುಗಳ ಸಾಲು ಚದುರಿ ಬರೇ ದ್ರವ ಆಗ್ತೈತಿ, ಬೆಳಕು ತಿರುಗಂಗಿಲ್ಲ, ಎಲ್ಲಾ ಕರ್ರಗ. ಲಿಕ್ವಿಡ್ ಕ್ರಿಸ್ಟಲ್ಲಿನ ಈ ಗುಣ ಮೊದಲು ಕಂಡಿದ್ದು 1888ರಾಗ ರೈನಿಟ್ಜರ್ ಅನ್ನೋ ಆಸ್ಟ್ರಿಯಾದ ಸಸ್ಯವಿಜ್ಞಾನಿ. ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯೊಳಗ ಎಸ್. ಚಂದ್ರಶೇಖರ್ ಮತ್ತ ಅವರ ಜೊತಿಗಾರರು 1977ರಾಗ ತಟ್ಟಿ ಆಕಾರದ ಅಣುಗಳಲ್ಲೂ ಈ ಲಿಕ್ವಿಡ್ ಕ್ರಿಸ್ಟಲ್ ಸ್ಥಿತಿ ಇರ್ತೈತಿ ಅಂತ ಜಗತ್ತಿಗೆ ತೋರಿಸಿದ್ರು, ಇದನ್ನ ಓದಿದಾಗ ಭಾಳ ಖುಷಿ ಆತು.

ಬಾಕಿ ಇರೋದು ಹ್ಯಾಂಡಲ್ ಹಿಡದಾಗ ನಾಡಿ ತೋರಿಸೋ ಪಟ್ಟಿ. ಎಡಗಡೆ ಪಟ್ಟಿಯ ವೈರ್ ಹ್ಯಾಂಡಲ್ ಪೈಪಿನೊಳಗ ಕಡದೈತಿ ಅಂತ ಕಂಟಿನ್ಯೂಟಿ ಟೆಸ್ಟಿನ್ಯಾಗ, ಅಂದ್ರ ತುದಿಯಿಂದ ತುದಿಗೆ ಕರೆಂಟ್ ಹೋಗ್ತೈತೇನು ಅಂತ ಮಲ್ಟಿಮೀಟರಿಲೆ ನೋಡಿದಾಗ, ಗೊತ್ತಾತು. ಪೈಪಿನಿಂದ ಹಳೇ ವೈರಿಗೆ ಹೊಸಾ ವೈರ್ ಕಟ್ಟಿ ಎಳಿಯೋ ವಿಚಾರ ಐತಿ, ಯಾರರ ಪೈಪ್ ಬಿಚ್ಚದ ಇದನ್ನ ಮಾಡಿದ್ರ ಹ್ಯಾಂಗ ಅಂತ ಹೇಳ್ರಿ.