ಮೈಕ್ ಹಿಡಿದವರು ರಾಜಕೀಯ ಮಾತಾಡಬಹುದೇ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಕುಸ್ತಿ ಕಣದ ಪಕ್ಕ ಮೈಕ್ ಹಿಡಿದು ನಿಲ್ಲುವುದು ನನ್ನ ಕೆಲಸ. ಮುಧೋಳ, ಜಮಖಂಡಿ, ಅಥಣಿ, ಗೋಕಾಕ, ಬೆಳಗಾವಿ ಸುತ್ತಲಿನ ಹಳ್ಳಿಗಳು. ಜಾತ್ರೆ ಇದ್ದಲ್ಲಿ ಕುಸ್ತಿ, ಕುಸ್ತಿ ಇದ್ದಲ್ಲಿ ಕಾಮೆಂಟರಿ. ಈಗೀಗ ಯೂಟ್ಯೂಬ್ ಲೈವ್ ಮಾಡುವವರು ಕಬಡ್ಡಿಗೂ ಕರೆಯುತ್ತಾರೆ. ಕಣದಿಂದ ಮನೆಗೆ ಬಂದ ಮೇಲೆ ನನಗೆ ಅನಿಸಿದ್ದನ್ನು ಫೇಸ್‌ಬುಕ್‌ನಲ್ಲಿ ಬರೆಯುತ್ತೇನೆ: ಕಬ್ಬಿನ ಬಾಕಿ, ಹಿನ್ನೀರಿನಲ್ಲಿ ಮುಳುಗಿದ ಹೊಲಗಳ ಪರಿಹಾರ, ಚುನಾವಣೆ, ಎಲ್ಲ. ಹಾಗಾಗಿ ಹೋದಲ್ಲೆಲ್ಲ ಇದೇ ಪ್ರಶ್ನೆ. ಹಿರಿಯರು, "ತಮ್ಮಾ, ಮೈಕ್ ಹಿಡಿಯಾಂವಗ ರಾಜಕೀಯ ಯಾಕ ಬೇಕೋ?" ಅನ್ನುತ್ತಾರೆ. ಹುಡುಗರು, "ಅಣ್ಣಾ, ಫೇಸ್‌ಬುಕ್‌ನ್ಯಾಗ ಇಷ್ಟ್ ಖಡಕ್ ಬರೀತೀರಿ, ಮೈಕಿನ್ಯಾಗ ಯಾಕ ಗಪ್ ಇರ್ತೀರಿ?" ಅನ್ನುತ್ತಾರೆ.

ಇಬ್ಬರಿಗೂ ಮೊದಲು ಒಂದು ಮಾತು ಹೇಳಬೇಕು. ನಮ್ಮ ಕಣದಲ್ಲಿ ರಾಜಕೀಯ ಇಲ್ಲ ಅನ್ನುವುದೇ ಸುಳ್ಳು. ಕುಸ್ತಿ ರಂಗೇರಿರುತ್ತದೆ, ಹಲಗಿ ಬಡಿತ ಜೋರಾಗಿರುತ್ತದೆ, ಇಬ್ಬರು ಪೈಲ್ವಾನರು ಹಣೆಗೆ ಹಣೆ ಹಚ್ಚಿ ಒಬ್ಬರ ಕೈ ಇನ್ನೊಬ್ಬರು ಹುಡುಕುತ್ತಿರುತ್ತಾರೆ. ಆಗಲೇ ಸ್ಟೇಜಿನಿಂದ ಕೈ ಮೇಲೆ ಕೈ ದಾಟಿ ಒಂದು ಚೀಟಿ ಬರುತ್ತದೆ. "ಸಾಹೇಬರು ಆಗಮಿಸಿದ್ದಾರೆ. ಕ್ಷೇತ್ರಕ್ಕೆ ಅವರು ಮಾಡಿದ ಅಭಿವೃದ್ಧಿ ಕುರಿತು ಎರಡು ಮಾತು." ಚೀಟಿ ಓದುವಷ್ಟರಲ್ಲಿ ಒಬ್ಬ ಘಿಸ್ಸಾ ಎಂಬ ಪಟ್ಟು ಹಾಕಿ ಇನ್ನೊಬ್ಬನ ಬೆನ್ನು ಮಣ್ಣಿಗೆ ಹಚ್ಚಿ ಚಿತ್ ಮಾಡಿರುತ್ತಾನೆ. ವರ್ಷಗಟ್ಟಲೆ ತಾಲೀಮು ಮಾಡಿದ ಹುಡುಗನ ಡಾವಿನ (ಪಟ್ಟಿನ) ಹೆಸರು ಯಾರ ಕಿವಿಗೂ ಬೀಳುವುದಿಲ್ಲ. ಚುನಾವಣೆ ಹತ್ತಿರ ಬಂತೆಂದರೆ ಟಿಕೆಟ್ ಆಕಾಂಕ್ಷಿಗಳ ಹೆಸರಿನಲ್ಲಿ ಕಬಡ್ಡಿ ಟೂರ್ನಿಗಳೂ ಹುಟ್ಟಿಕೊಳ್ಳುತ್ತವೆ. ಟ್ರೋಫಿಗಿಂತ ಫ್ಲೆಕ್ಸ್ ದೊಡ್ಡದಿರುತ್ತದೆ. ಅಲ್ಲಿ ಸಾಹೇಬರನ್ನು ಹೊಗಳಿದ ನಿರೂಪಕನಿಗೆ, "ರಾಜಕೀಯ ಬ್ಯಾಡೋ ತಮ್ಮಾ" ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಊರಿಗೆ ನೀರು ಬಂದಿಲ್ಲ ಎಂದು ಒಂದು ಮಾತು ಆಡಿದರೆ ಮಾತ್ರ ಅದು ರಾಜಕೀಯ.

ಇದು ನಮ್ಮೂರಿನ ಕಥೆ ಮಾತ್ರವೂ ಅಲ್ಲ. ಇಂಗ್ಲೆಂಡಿನ ಗ್ಯಾರಿ ಲಿನೆಕರ್ ಬಿಬಿಸಿಯ ಫುಟ್‌ಬಾಲ್ ಕಾರ್ಯಕ್ರಮವನ್ನು 1999ರಿಂದ ನಡೆಸಿದವರು. 2022ರಲ್ಲಿ ಕತಾರ್ ವಿಶ್ವಕಪ್ ಶುರುವಾದ ದಿನ ಅವರು ನೇರ ಪ್ರಸಾರದಲ್ಲೇ ಅಲ್ಲಿನ ವಲಸೆ ಕಾರ್ಮಿಕರ ಸಾವುಗಳ ಬಗ್ಗೆ, ಮಾನವ ಹಕ್ಕುಗಳ ಬಗ್ಗೆ ಮಾತಾಡಿದರು. ಬಿಬಿಸಿ ಅದನ್ನು ಪ್ರಸಾರ ಮಾಡಿತು. ಮರುವರ್ಷ ಮಾರ್ಚ್‌ನಲ್ಲಿ ಆಶ್ರಯ ಕೋರಿ ಬರುವ ವಲಸಿಗರ ಕುರಿತ ತಮ್ಮದೇ ಸರ್ಕಾರದ ನೀತಿಯ ಭಾಷೆ 1930ರ ದಶಕದ ಜರ್ಮನಿಯ ಭಾಷೆಗಿಂತ ಬೇರೆಯೇನಲ್ಲ ಎಂಬರ್ಥದಲ್ಲಿ ಟ್ವೀಟ್ ಮಾಡಿದರು. ಮೈಕಿನಲ್ಲಿ ಅಲ್ಲ, ಸ್ವಂತ ಖಾತೆಯಲ್ಲಿ. ಬಿಬಿಸಿ ಅವರನ್ನು ಬದಿಗಿರಿಸಿತು. ಅದೇ ಕಾರ್ಯಕ್ರಮದ ವಿಶ್ಲೇಷಕರಾದ ಇಯಾನ್ ರೈಟ್, ಅಲನ್ ಶಿಯರರ್ ತಾವೂ ಬರುವುದಿಲ್ಲ ಎಂದರು. 2023ರ ಮಾರ್ಚ್ 11ರ ಶನಿವಾರ ಆ ಕಾರ್ಯಕ್ರಮ ನಿರೂಪಕರಿಲ್ಲದೆ, ಕಾಮೆಂಟರಿ ಇಲ್ಲದೆ 20 ನಿಮಿಷ ನಡೆದು ಮುಗಿಯಿತು. ಕೆಲವೇ ದಿನಗಳಲ್ಲಿ ಅವರನ್ನು ವಾಪಸು ಕರೆದರು. 2025ರ ಮೇನಲ್ಲಿ ಇಲಿಯ ಚಿತ್ರವಿದ್ದ ಒಂದು ಪೋಸ್ಟ್ ಹಂಚಿಕೊಂಡು, ಅದು ಯಹೂದಿ ದ್ವೇಷದ ಹಳೆಯ ಗುರುತು ಎಂಬ ಟೀಕೆ ಬಂದಾಗ ಕ್ಷಮೆ ಕೇಳಿ ಬಿಬಿಸಿ ಬಿಟ್ಟರು. ಆ ಕೊನೆಯ ತಪ್ಪನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಕತಾರ್ ಬಗ್ಗೆ ಪ್ರಸಾರದಲ್ಲೇ ಆಡಬಹುದಾದ ಮಾತು, ಸ್ವಂತ ಸರ್ಕಾರದ ಬಗ್ಗೆ ಸ್ವಂತ ಖಾತೆಯಲ್ಲೂ ಆಡಬಾರದು ಅನ್ನುವುದು ಯಾವ ನ್ಯಾಯ?

ಅಮೆರಿಕದಲ್ಲೂ ಹೀಗೇ. ಇಎಸ್‌ಪಿಎನ್ ಕ್ರೀಡಾ ಚಾನೆಲ್‌ನ ನಿರೂಪಕಿ ಜೆಮೆಲ್ ಹಿಲ್ 2017ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಅವರನ್ನು ಬಿಳಿಯರ ಶ್ರೇಷ್ಠತೆಯನ್ನು ನಂಬುವವರು ಎಂದು ಬರೆದಾಗ ಶ್ವೇತಭವನವೇ ಸಿಟ್ಟಾಯಿತು, ಆದರೂ ಅಮಾನತು ಆಗಲಿಲ್ಲ. ಮುಂದಿನ ತಿಂಗಳು ಡಲ್ಲಾಸ್‌ನ ಅಮೆರಿಕನ್ ಫುಟ್‌ಬಾಲ್ ತಂಡದ ಜಾಹೀರಾತುದಾರರನ್ನು ಬಹಿಷ್ಕರಿಸುವ ಮಾತು ಎತ್ತಿದರು, ಎರಡು ವಾರ ಅಮಾನತಾದರು. ಜಾಹೀರಾತಿನ ದುಡ್ಡಿಗೆ ಕೈ ಹಚ್ಚಿದರೆ ಏನಾಗುತ್ತದೆ ಎಂಬುದು ಜಾತ್ರಾ ಕಮಿಟಿಯವರನ್ನು ಕಂಡಿರುವ ನನಗೆ ಬಿಡಿಸಿ ಹೇಳಬೇಕಿಲ್ಲ. ಹಾಗೆಂದು ಎಡಬದಿಯವರಿಗಷ್ಟೇ ಪೆಟ್ಟು ಬಿತ್ತು ಅಂದುಕೊಳ್ಳಬೇಡಿ. ಅದೇ ಚಾನೆಲ್ 2016ರಲ್ಲಿ ಬಲಪಂಥದ ಬೇಸ್‌ಬಾಲ್ ವಿಶ್ಲೇಷಕ ಕರ್ಟ್ ಶಿಲ್ಲಿಂಗ್ ಅವರನ್ನು, ತೃತೀಯ ಲಿಂಗಿಗಳ ಕುರಿತ ಫೇಸ್‌ಬುಕ್ ಪೋಸ್ಟ್‌ಗಾಗಿ ಕೆಲಸದಿಂದಲೇ ತೆಗೆಯಿತು.

ಹಾಗಾದರೆ ನಾನು ಮೈಕಿನಲ್ಲಿ ಯಾಕೆ ಸುಮ್ಮನಿರುತ್ತೇನೆ? ಬೆಳಗಾವಿ ಕಡೆಯ ಕಣಕ್ಕೆ ಒಮ್ಮೆ ಬಂದು ನೋಡಿ. ಕೊಲ್ಲಾಪುರ, ಸಾಂಗ್ಲಿಯ ತಾಲೀಮಿನ ಹುಡುಗರು ಬಂದಿರುತ್ತಾರೆ, ನಮ್ಮ ಮುಧೋಳದ ಹುಡುಗರು ಬಂದಿರುತ್ತಾರೆ. ನೋಡುವವರಲ್ಲಿ ಕನ್ನಡದವರೂ ಮರಾಠಿಯವರೂ ತೊಡೆಗೆ ತೊಡೆ ಹಚ್ಚಿ ಕೂತಿರುತ್ತಾರೆ. 2022ರ ಡಿಸೆಂಬರ್‌ನಲ್ಲಿ ಗಡಿ ಗಲಾಟೆ ಎದ್ದು ಹಿರೇಬಾಗೇವಾಡಿ ಟೋಲ್ ಹತ್ತಿರ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿದ್ದವು, ಪುಣೆಯಲ್ಲಿ ನಮ್ಮ ಬಸ್ಸುಗಳಿಗೆ ಬಣ್ಣ ಬಳಿದರು. ಅದರ ಬಿಸಿ ಆರುವ ಮೊದಲೇ ಒಂದು ಕಣದಲ್ಲಿ ನನಗೆ ಚೀಟಿ ಬಂತು: "ಇದು ಕರ್ನಾಟಕ ಮಹಾರಾಷ್ಟ್ರ ಕುಸ್ತಿ ಅಂತ ಹೇಳ್ರಿ, ಜನಕ್ಕ ಜೋಶ್ ಬರ್ತೈತಿ." ನಾನು ಚೀಟಿ ಮಡಚಿ ಕಿಸೆಗೆ ಹಾಕಿದೆ. ಇಬ್ಬರ ಹೆಸರು, ಊರು, ಕುಸ್ತಿ ಕಲಿಸಿದ ವಸ್ತಾದರ ಹೆಸರು ಹೇಳಿದೆ, ಕನ್ನಡದಲ್ಲೊಮ್ಮೆ ಮರಾಠಿಯಲ್ಲೊಮ್ಮೆ. ಗಡಿ ವಿಷಯದಲ್ಲಿ ನನ್ನ ನಿಲುವು ಖಂಡಿತ ಇದೆ. ಬೆಳಗಾವಿ ಕರ್ನಾಟಕದ್ದು, ಅದರಲ್ಲಿ ಎರಡು ಮಾತಿಲ್ಲ, ಬರೆದೂ ಇದ್ದೇನೆ. ಆದರೆ ಬರೆದದ್ದನ್ನು ಬೇಡವಾದವರು ಓದದೆ ಬಿಡಬಹುದು. ಕಣದಲ್ಲಿ ಕೂತವರಿಗೆ ಆ ಅನುಕೂಲ ಇಲ್ಲ, ಸ್ಪೀಕರ್ ಎಲ್ಲರ ಕಿವಿಗೂ ಸೇರಿದ್ದು. ಅಲ್ಲಿ ಬಾಯಿ ಬಿಟ್ಟರೆ ಮೊದಲ ಕಲ್ಲು ಬೀಳುವುದು ಗಡಿಯಾಚೆಯ ಹುಡುಗ ಬಂದ ಗಾಡಿಯ ಮೇಲೆ.

ಇಷ್ಟು ಹೇಳಿಯೂ ಒಂದು ಸಂದರ್ಭದಲ್ಲಿ ಸುಮ್ಮನಿರಲಾಗದು: ರಾಜಕೀಯ ಹೊರಗಿನಿಂದ ಬರದೆ, ಆಟದ ಒಳಗೇ ಇದ್ದಾಗ. ವೆಸ್ಟ್ ಇಂಡೀಸ್‌ನ ಹಳೆಯ ಬೌಲರ್, ಕಾಮೆಂಟೇಟರ್ ಮೈಕೆಲ್ ಹೋಲ್ಡಿಂಗ್ 2020ರ ಜುಲೈನಲ್ಲಿ ಸೌತಾಂಪ್ಟನ್ ಟೆಸ್ಟ್ ಮಳೆಗೆ ನಿಂತಿದ್ದಾಗ ವರ್ಣಭೇದದ ಬಗ್ಗೆ ಮಾತಾಡಿದರು. ಆ ಭೇದವನ್ನು ವಿರೋಧಿಸಿ ಆಟಗಾರರು ಮೊಣಕಾಲೂರಿದ್ದ ಪಂದ್ಯ ಅದು. ಅವರು ಯಾವ ಪಕ್ಷಕ್ಕೂ ಮತ ಕೇಳಲಿಲ್ಲ, ತಮ್ಮ ಆಟ ಕಂಡ ನೋವನ್ನು ಹೇಳಿದರು. ಅದು ಕಾಮೆಂಟೇಟರ್ ಕೆಲಸವೇ.

ನನಗೆ ಅಂಥ ಹೊತ್ತು ಬಂದದ್ದು 2023ರಲ್ಲಿ. ಆಗ ಕುಸ್ತಿ ಫೆಡರೇಶನ್ ಅಧ್ಯಕ್ಷರೂ ಸಂಸದರೂ ಆಗಿದ್ದ ಬ್ರಿಜ್ ಭೂಷಣ್ ಶರಣ್ ಸಿಂಗ್ ಮೇಲೆ ಮಹಿಳಾ ಪೈಲ್ವಾನರು ಲೈಂಗಿಕ ಕಿರುಕುಳದ ಆರೋಪ ಮಾಡಿದ್ದರು, ಅವರು ನಿರಾಕರಿಸಿದ್ದರು. ಒಲಿಂಪಿಕ್ಸ್ ಪದಕ ತಂದ ಸಾಕ್ಷಿ ಮಲಿಕ್, ಬಜರಂಗ್ ಪೂನಿಯಾ, ಜೊತೆಗೆ ವಿನೇಶ್ ಫೋಗಟ್ ದಿಲ್ಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ಮೇ 28ರಂದು ಪೊಲೀಸರು ಅವರನ್ನು ರಸ್ತೆಯಲ್ಲಿ ಎಳೆದೊಯ್ದರು. ಅದಾದ ಕೆಲವೇ ದಿನಕ್ಕೆ ನಮ್ಮ ಕಣದಲ್ಲಿ ಹೆಣ್ಣುಮಕ್ಕಳ ಜೋಡಿ ಇತ್ತು. ಕೂದಲು ಬಿಗಿದು ಕಟ್ಟಿಕೊಂಡು, ಮಣ್ಣು ಮುಟ್ಟಿ ನಮಸ್ಕರಿಸಿ ಇಳಿದರು. ನಾನು ಹೇಳಿದೆ: "ದಿಲ್ಲಿಯೊಳಗ ನಮ್ಮ ಪೈಲ್ವಾನ ಹೆಣ್ಣುಮಕ್ಕಳು ನ್ಯಾಯ ಕೇಳಾಕ ಹತ್ಯಾರ. ಅವರ ಮಾತು ಕೇಳೂದು ಕುಸ್ತಿ ಬಲ್ಲ ನಮ್ಮೆಲ್ಲರ ಕರ್ತವ್ಯ." ಪಕ್ಷದ ಹೆಸರು ಎತ್ತಲಿಲ್ಲ. ಹಳೆಯ ವಸ್ತಾದರು ಕೂತಲ್ಲೇ ಚಪ್ಪಾಳೆ ತಟ್ಟಿದರು. ಮರುವರ್ಷ ಆ ಜಾತ್ರೆಗೆ ನನ್ನನ್ನು ಕರೆಯಲಿಲ್ಲ. ಇಂದಿಗೂ ಆ ಮಾತನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ.

ಪಕ್ಷದ ಕುರ್ಚಿಯಲ್ಲಿ ಕೂತು ಮೈಕನ್ನೂ ಹಿಡಿಯುವವರ ಬಗ್ಗೆ ನನಗೆ ಗಟ್ಟಿ ತಕರಾರಿದೆ. 2019ರ ನವೆಂಬರ್‌ನಲ್ಲಿ ದಿಲ್ಲಿಯ ವಾಯುಮಾಲಿನ್ಯದ ಬಗ್ಗೆ ಸಂಸದೀಯ ಸಮಿತಿ ಸಭೆ ಇದ್ದಾಗ ಪೂರ್ವ ದಿಲ್ಲಿಯ ಸಂಸದ ಗೌತಮ್ ಗಂಭೀರ್ ಇಂದೋರ್‌ನಲ್ಲಿ ಟೆಸ್ಟ್ ಕಾಮೆಂಟರಿಯಲ್ಲಿದ್ದರು. ಮತ ಹಾಕಿದ ಜನರಿಗೂ ಅದು ಅನ್ಯಾಯ, ಕೇಳುಗರಿಗೂ ಅನ್ಯಾಯ.

ಈಗ ಹೊಸದಾಗಿ ಮೈಕ್ ಹಿಡಿಯುವ ಹುಡುಗರಿಗೆ ನಾನು ಮಾಡುವ ರೂಢಿಯನ್ನೇ ಹೇಳುತ್ತೇನೆ. ಮುಂಗಡ ತೆಗೆದುಕೊಳ್ಳುವ ಮೊದಲೇ ಕಮಿಟಿಯವರ ಜೊತೆ ಮಾತು ಮುಗಿಸಿ. ದೇಣಿಗೆ ಕೊಟ್ಟವರ ಹೆಸರನ್ನು ಮೊದಲ ಜೋಡಿ ಇಳಿಯುವ ಮುಂಚೆ ಒಮ್ಮೆ ಓದುತ್ತೇನೆ, ಕುಸ್ತಿ ಹತ್ತಿದ ಮೇಲೆ ಯಾರ ಚೀಟಿಯನ್ನೂ ಓದುವುದಿಲ್ಲ. ಸಾಹೇಬರು ಯಾವ ಪಕ್ಷದವರಾದರೂ ಸರಿ, ನನಗೆ ಬೇಕಾದವರಾದರೂ ಸರಿ. ಪ್ರಚಾರ ಸಭೆಗಳ ನಿರೂಪಣೆಗೆ ಹೋಗುವುದಿಲ್ಲ. ಫೇಸ್‌ಬುಕ್‌ನಲ್ಲಿ ಬರೆಯುವುದನ್ನು ಬಿಡುವುದಿಲ್ಲ. ಈ ಸಲ ಅಥಣಿ ಕಡೆಯ ಒಂದು ಕಮಿಟಿ ಇದಕ್ಕೆಲ್ಲ ಒಪ್ಪಿದೆ. ಗೋಕಾಕ ಕಡೆಯ ಇನ್ನೊಂದು ಒಪ್ಪಲಿಲ್ಲ, ಅವರು ಬೇರೆಯವರನ್ನು ಗೊತ್ತು ಮಾಡಿಕೊಂಡಿದ್ದಾರೆ.