ನೀರಿನಲ್ಲಿ ಮೂಡಿದ ತುಳಸಿಕಟ್ಟೆ

ನವನಗರ, ಬಾಗಲಕೋಟೆ
2025ರ ಫೆಬ್ರುವರಿ 2, ರವಿವಾರ

ಇವತ್ತು ಮಧ್ಯಾಹ್ನ 12 ಗಂಟೆ 50 ನಿಮಿಷಕ್ಕೆ ಅಂಗೈಯಗಲದ ಗಾಜಿನ ತಟ್ಟೆಯ ನೀರಿನೊಳಗೆ ತುಳಸಿಕಟ್ಟೆ ಮೂಡಿತು. ಮೂರು ವಾರಗಳಿಂದ ಕಾದಿದ್ದ ಚಿತ್ರ ಅದು. ತಟ್ಟೆಯಲ್ಲಿ ಬಣ್ಣವೇನೂ ಇರಲಿಲ್ಲ. ಇದ್ದದ್ದು 4 ಮಿಲಿಮೀಟರ್ ಆಳದ ಹಸಿರು ನೀರು ಮತ್ತು ಅದರೊಳಗೆ ಈಜಾಡುವ ಯೂಗ್ಲೀನಾ ಎಂಬ ಏಕಕೋಶ ಜೀವಿಗಳು. ಒಂದೊಂದರ ಉದ್ದ ಸುಮಾರು 50 ಮೈಕ್ರೋಮೀಟರ್, ಅಂದರೆ 20 ಜೀವಿಗಳನ್ನು ಸಾಲಾಗಿ ಮಲಗಿಸಿದರೆ ಒಂದು ಮಿಲಿಮೀಟರ್ ಆಗುತ್ತದೆ. ಕತ್ತರಿಸಿದ ಕಪ್ಪು ಕಾಗದದ ಮೂಲಕ ಅವುಗಳ ಮೇಲೆ ತುಳಸಿಕಟ್ಟೆಯ ಆಕಾರದ ಬೆಳಕು ಬೀಳುವಂತೆ ಮಾಡಿ, ನಾನು, ಅಪ್ಪ, ಅವ್ವ ಮೂವರೂ 20 ನಿಮಿಷ ಕಿಟಕಿ ಮುಚ್ಚಿದ ಕೋಣೆಯಲ್ಲಿ ಸುಮ್ಮನೆ ಕುಳಿತೆವು.

ನೀರು ಗದ್ದನಕೇರಿ ಕಡೆಗಿರುವ ಸೋದರಮಾವನ ಹೊಲದ್ದು. ಅಲ್ಲಿ ಎಮ್ಮೆಗಳು ನೀರು ಕುಡಿಯುವ ಹಳೆಯ ಕಲ್ಲಬಾನಿಯ ಪಕ್ಕದಲ್ಲಿ ಸಗಣಿಯ ಸತ್ವ ಸೋರಿ ಸೇರುವ ಒಂದು ತಗ್ಗು ಇದೆ. ಯೂಗ್ಲೀನಾಗಳಿಗೆ ತಿಳಿನೀರಿಗಿಂತ ಇಂಥ ನೀರೇ ಇಷ್ಟ. ಪತ್ರಹರಿತ್ತಿನ ಬಲದಿಂದ ಗಿಡದಂತೆ ಆಹಾರ ತಯಾರಿಸಿಕೊಳ್ಳುವ ಅವು, ನೀರಿನಲ್ಲಿ ಕರಗಿದ ಸಾವಯವ ಪದಾರ್ಥವನ್ನೂ ಹೀರಿಕೊಳ್ಳಬಲ್ಲವು. ತಂದ ನೀರನ್ನು ಹಳೆಯ ಧೋತರದ ಬಟ್ಟೆಯಲ್ಲಿ ಎರಡು ಸಲ ಸೋಸಿದರೂ ಬೇರೆ ಜೀವಿಗಳು ಉಳಿದೇ ಉಳಿಯುತ್ತವೆ. ಆಗ ನೆರವಿಗೆ ಬಂದದ್ದು ಯೂಗ್ಲೀನಾಗಳ ಬೆಳಕಿನ ಹಂಬಲವೇ. ಬಾಟಲಿಗೆ ಕಪ್ಪು ಕಾಗದ ಸುತ್ತಿ, ಒಂದೇ ಕಡೆ ಬೆರಳು ಹಿಡಿಯುವಷ್ಟು ಕಿಂಡಿ ಬಿಟ್ಟು, ಆ ಕಿಂಡಿಯನ್ನು ಕಿಟಕಿಗೆ ಎದುರಾಗಿ ಇಟ್ಟರೆ ಗಂಟೆಯೊಳಗೆ ಅಲ್ಲಿ ಹಸಿರು ಗಟ್ಟಿಯಾಗಿ ಕೂಡುತ್ತದೆ. ಅದನ್ನಷ್ಟೇ ಪಿಪೆಟ್‌ನಿಂದ ಎಳೆದುಕೊಂಡು, ಒಂದು ದಿನ ತೆರೆದಿಟ್ಟ ನಲ್ಲಿ ನೀರಿನಲ್ಲಿ ಕುದಿಸಿದ ಗೋಧಿ ಕಾಳು ಹಾಕಿ ಬೆಳೆಸಿದೆ.

ಮೊದಲ ಎರಡು ವಾರ ಒಂದೂ ಚಿತ್ರ ಬರಲಿಲ್ಲ. ಕಾಲೇಜಿನ ಪಾಠ, ಮನೆಯ ಊಟ ಎಲ್ಲ ಮುಗಿಸಿ ನನಗೆ ಬಿಡುವಾಗುವುದು ರಾತ್ರಿ 9ರ ಮೇಲೆ. ರಾತ್ರಿಯೆಲ್ಲ ಪ್ರಪಂಚ ಕತ್ತಲಾಗಿರುವಾಗ ಒಂದು ದೀಪ ಹಚ್ಚಿದರೆ ಬೆಳಕು ಬಯಸುವ ಜೀವಿ ಓಡಿ ಬರಲೇಬೇಕೆಂದು ನಾನು ತಿಳಿದಿದ್ದೆ. ಬಲ್ಬು ಬದಲಿಸಿದೆ, ನೀರು ಬದಲಿಸಿದೆ, ಕಾಗದವನ್ನು ಮತ್ತೆ ಕತ್ತರಿಸಿದೆ. ತಟ್ಟೆಯ ತುಂಬ ಒಂದೇ ಸಮನಾದ ಮಸುಕು ಹಸಿರನ್ನು ಬಿಟ್ಟರೆ ಏನೂ ಕಾಣಲಿಲ್ಲ. ಸಸ್ಯಶಾಸ್ತ್ರ ಕಲಿಸುವವಳಾಗಿ ನಾನು ಮೊದಲೇ ನೆನೆಯಬೇಕಿದ್ದ ಸಂಗತಿ ಒಂದಿತ್ತು. ಬೆಳಕಿನ ಕಡೆಗೆ ಸಾಗುವ ಯೂಗ್ಲೀನಾಗಳ ಉತ್ಸಾಹ ಹಗಲಿನಲ್ಲಿ ಏರಿ ರಾತ್ರಿಯಲ್ಲಿ ಇಳಿಯುತ್ತದೆ. 1956ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿಕ್ಟರ್ ಬ್ರೂಸ್ ಮತ್ತು ಕಾಲಿನ್ ಪಿಟೆಂಡ್ರೈ ಅವರು, ಕತ್ತಲಲ್ಲೇ ಇರಿಸಿದರೂ ಈ ಏರಿಳಿತ ಸುಮಾರು 24 ಗಂಟೆಗೊಮ್ಮೆ ಮರುಕಳಿಸುತ್ತದೆ ಮತ್ತು ಉಷ್ಣತೆ ಬದಲಾದರೂ ಅದರ ಅವಧಿ ಅಷ್ಟಾಗಿ ಬದಲಾಗುವುದಿಲ್ಲ ಎಂದು ತೋರಿಸಿದ್ದರು. ಮಿದುಳಿಲ್ಲದ, ನರವಿಲ್ಲದ ಒಂದೇ ಕೋಶದೊಳಗೆ ಗಡಿಯಾರವಿದೆ ಎಂಬುದನ್ನು ವರ್ಷಕ್ಕೊಮ್ಮೆ ತರಗತಿಯಲ್ಲಿ ಹೇಳುವ ನಾನೇ, ಅವುಗಳ ಹೊತ್ತನ್ನು ಬಿಟ್ಟು ನನ್ನ ಹೊತ್ತಿಗೆ ಕರೆಯುತ್ತಿದ್ದೆ. ಅವು ಬರಲಿಲ್ಲ.

ಹಾಗಾಗಿ ಕಳೆದ ರವಿವಾರ, ಜನವರಿ 26ರಂದು, ಕಾಲೇಜಿನಲ್ಲಿ ಧ್ವಜಾರೋಹಣ ಮುಗಿಸಿ ಬಂದವಳೇ ಹಗಲಿನಲ್ಲೇ ತಟ್ಟೆಯನ್ನು ಇಟ್ಟೆ. ಆ ದಿನ ಚಿತ್ರ ಬಂತು, ಆದರೆ ತಿರುವುಮುರುವಾಗಿ ಬಂತು. ಕಟ್ಟೆ ಇರಬೇಕಾದ ಜಾಗ ಬರಿದಾಗಿ, ಅದರ ಸುತ್ತಲಿನ ನೆರಳಿನಲ್ಲಿ ಹಸಿರು ತುಂಬಿಕೊಂಡಿತ್ತು. ದೀಪವನ್ನು ತಟ್ಟೆಯಿಂದ ಒಂದೇ ಅಡಿ ಎತ್ತರದಲ್ಲಿ ಇಟ್ಟದ್ದೇ ತಪ್ಪು. ಮಂದವಾದ ಬೆಳಕಿನತ್ತ ಸಾಗುವ ಇದೇ ಜೀವಿ, ಬೆಳಕು ತೀಕ್ಷ್ಣವಾದರೆ ಅದರಿಂದ ದೂರ ಸರಿಯುತ್ತದೆ. ಅತಿಯಾದ ಬೆಳಕು ಅದರ ಪತ್ರಹರಿತ್ತಿಗೂ ಪ್ರೋಟೀನುಗಳಿಗೂ ಹಾನಿ ಮಾಡುತ್ತದೆ. ಬೆಳಕು ಒಮ್ಮೆಲೇ ಹೆಚ್ಚಿದಾಗ ಯೂಗ್ಲೀನಾ ಬೆಚ್ಚಿ ತಿರುಗಲು ಕಾರಣವಾದ, ನೀಲಿ ಬೆಳಕು ತಾಗಿದೊಡನೆ ಚುರುಕಾಗುವ ಕಿಣ್ವವನ್ನು 2002ರಲ್ಲಿ ಜಪಾನಿನ ವಿಜ್ಞಾನಿಗಳು ಗುರುತಿಸಿದರು. ಈ ಸಲ ದೀಪವನ್ನು ಅಟ್ಟದ ಕೊಕ್ಕೆಗೆ ತೂಗಿಹಾಕಿ 4 ಅಡಿ ಎತ್ತರಕ್ಕೆ ಏರಿಸಿದೆ. ದೂರ ನಾಲ್ಕು ಪಟ್ಟಾದರೆ ಬೆಳಕು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದರ ಜೊತೆಗೆ ನೆರಳಿನ ಅಂಚೂ ಚೂಪಾಗುತ್ತದೆ.

ಅವ್ವ ಕಸೂತಿ ಹಾಕುವವಳು. ಚಂದ್ರಕಾಳಿ ಸೀರೆಯ ಸೆರಗಿಗೆ ಹಾಕುತ್ತಿದ್ದ ತುಳಸಿಕಟ್ಟೆಯನ್ನೇ ಅವಳು ನನಗಾಗಿ ಚೌಕಳಿ ಕಾಗದದ ಮೇಲೆ ಇಳಿಸಿಕೊಟ್ಟಳು. ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ, ಎಳೆ ಎಣಿಸುತ್ತಲೇ ಆಕಾರ ಬೆಳೆಯಬೇಕು. ಅದರಲ್ಲೂ ಮುರಗಿ ಹೊಲಿಗೆಯೆಂದರೆ ಮೆಟ್ಟಿಲು ಮೆಟ್ಟಿಲಾಗಿ ಸಾಗುವ ಗೆರೆ. ಆ ಒಂದೊಂದು ಮೆಟ್ಟಿಲನ್ನು 3 ಮಿಲಿಮೀಟರ್ ಅಗಲಕ್ಕೆ ಹಿಗ್ಗಿಸಿ ಕಪ್ಪು ಕಾಗದವನ್ನು ಬ್ಲೇಡಿನಿಂದ ಕತ್ತರಿಸಿದೆ. ಅದಕ್ಕಿಂತ ಸಣ್ಣ ಗೆರೆಯನ್ನು ಈ ಜೀವಿಗಳು ಉಳಿಸಿಕೊಡುವುದಿಲ್ಲವೆಂಬುದು ನನ್ನ ಅನುಭವ. ಅಂಚಿನಲ್ಲಿ ಅವು ಒಂದಿಷ್ಟು ಆಚೆಗೆ ಹೋಗಿ ತಿರುಗುವುದರಿಂದ ಗೆರೆ ಉಬ್ಬಿಕೊಳ್ಳುತ್ತದೆ. ಗೆರೆಗಳು ಸುತ್ತುಗಟ್ಟಿದಲ್ಲಿ ಒಳಗಿನ ಚೌಕಗಳು ಕಳಚಿ ಬೀಳುತ್ತಿದ್ದವು. ಅವನ್ನು ಗಾಜಿಗೆ ಅಂಟಿಸೆಂದು ಹೇಳಿದವರು ಅಪ್ಪ, ಗಾಜನ್ನು ಹುಡುಕಿಕೊಟ್ಟವರೂ ಅವರೇ. ಅವರ ಫೋಟೋ ಸ್ಟುಡಿಯೋ ಮುಚ್ಚಿ ಬಹಳ ವರ್ಷಗಳಾದರೂ ಕಾಂಟ್ಯಾಕ್ಟ್ ಪ್ರಿಂಟ್ ಮಾಡುವ ಚೌಕಟ್ಟು ಮತ್ತು ಡಾರ್ಕ್ ರೂಮಿನ ಕೆಂಪು ಬಲ್ಬು ಟ್ರಂಕಿನಲ್ಲಿ ಬಟ್ಟೆ ಸುತ್ತಿಕೊಂಡು ಭದ್ರವಾಗಿದ್ದವು.

ಆ ಕೆಂಪು ಬಲ್ಬಿನಿಂದಲೇ ಇವತ್ತಿನ ಕೆಲಸ ಕೈಗೂಡಿತು. ಯೂಗ್ಲೀನಾಗಳಿಗೆ ದಾರಿ ತೋರುವುದು ನೀಲಿ ಬೆಳಕು. ಕೆಂಪು ಬೆಳಕಿಗೆ ಅವು ತಮ್ಮ ದಾರಿ ಬದಲಿಸುವುದಿಲ್ಲ. ಹಾಗಾಗಿ ಬಿಳಿಯ ದೀಪ ಆರಿಸಿ, ಕೆಂಪು ಬಲ್ಬು ಹಚ್ಚಿ, ಮೇಲಿನ ಗಾಜು ಕಾಗದಗಳನ್ನು ಎತ್ತಿ ನೋಡಿದರೂ ಅವುಗಳಿಗೆ ಅದು ಕತ್ತಲೆಯೇ. ತಟ್ಟೆಯನ್ನು ಕದಲಿಸಿದರೆ ನೀರು ತುಳುಕಿ ಚಿತ್ರ ಕೆಡುತ್ತದೆಂದು ಗಾಜಿನ ಟೀಪಾಯಿಯ ಮೇಲೆ ಇಟ್ಟಿದ್ದೆ. ಗಾಜಿನ ಕೆಳಗಿದ್ದ ಕಪ್ಪು ಬಟ್ಟೆಯನ್ನು ಎಳೆದು ಅಲ್ಲಿಗೆ ಬಿಳಿ ಹಾಳೆಯನ್ನು ಸರಿಸಿದೆ. ಹಸಿರು ವಸ್ತು ಕೆಂಪು ಬೆಳಕನ್ನು ಹೀರಿಕೊಳ್ಳುವುದರಿಂದ ಕಪ್ಪಾಗಿ ಕಾಣುತ್ತದಲ್ಲವೇ? ಕೆಂಪು ನೀರಿನ ನಡುವೆ ಕಪ್ಪನೆಯ ಕಟ್ಟೆ, ಅದರ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರಿದ ತುಳಸಿ, ಎರಡೂ ಬದಿಗೆ ಚಾಚಿದ ಟೊಂಗೆಗಳು ನಿಚ್ಚಳವಾಗಿ ನಿಂತಿದ್ದವು. ಹತ್ತಿರ ಬಗ್ಗಿ ನೋಡಿದಾಗ ಆ ಕಪ್ಪು ಒಳಗೊಳಗೇ ಮಿಸುಕಾಡುತ್ತಿರುವುದು ತಿಳಿಯುತ್ತಿತ್ತು. ಎಡಗಡೆಯ ಒಂದು ಮೆಟ್ಟಿಲಿನ ಮೂಲೆ ನಾನು ನೋಡುತ್ತಿದ್ದಂತೆಯೇ ದುಂಡಾಯಿತು. ಅಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಹೇಳಿದರು: “ಇದು ನಮ್ಮ ಬ್ರೋಮೈಡ್ ಪೇಪರ್ ಇದ್ಧಂಗ ಐತಲ್ಲವ್ವಾ. ಬೆಳಕ ಬಿದ್ದಲ್ಲೆ ಕಪ್ಪ, ಕೆಂಪ ಬೆಳಕಿಗಿ ಅಂಜಿಕಿಲ್ಲ.”

ಆ ಮಾತು ಎಷ್ಟು ಸರಿಯಾಗಿದೆಯೆಂದು ಈಗ ಬರೆಯುವಾಗಲೂ ಅನ್ನಿಸುತ್ತಿದೆ. ಫೋಟೋ ಮುದ್ರಿಸುವ ಬ್ರೋಮೈಡ್ ಕಾಗದವೂ ನೀಲಿ ಬೆಳಕಿಗೆ ಸ್ಪಂದಿಸಿ ಕೆಂಪನ್ನು ಲೆಕ್ಕಿಸದು. ವ್ಯತ್ಯಾಸವೆಂದರೆ, ಕಾಗದದ ಬೆಳ್ಳಿಯ ಕಣಗಳು ಇದ್ದಲ್ಲೇ ಇದ್ದು ಕಪ್ಪಾಗುತ್ತವೆ. ಇಲ್ಲಿ ಕಣಗಳೇ ಈಜಿಕೊಂಡು ಬಂದು ಸೇರುತ್ತವೆ. ಅವು ಸೇರುವ ಬಗೆಯೂ ನಾವು ಊಹಿಸುವಂಥದ್ದಲ್ಲ. ತಟ್ಟೆಯ ಮೂಲೆಯಲ್ಲಿರುವ ಜೀವಿ ದೂರದ ತುಳಸಿಕಟ್ಟೆಯನ್ನು ಕಂಡು ಅದರತ್ತ ಹೊರಡುತ್ತದೆಂದು ಭಾವಿಸಬೇಕಿಲ್ಲ. ಅದು ತನ್ನ ಪಾಡಿಗೆ ಅಲೆಯುತ್ತ ಬೆಳಗಿದ ಜಾಗವನ್ನು ಪ್ರವೇಶಿಸುತ್ತದೆ. ಹೊರಗೆ ಹೊರಟು ಅಂಚಿಗೆ ಬಂದು ಕತ್ತಲು ಎದುರಾದಾಗ ಬೆಚ್ಚಿ ದಿಕ್ಕು ಬದಲಿಸುತ್ತದೆ. ಕರೆಂಟ್ ಹೋದ ಓಣಿಯಲ್ಲಿ ಒಂದೇ ಮನೆಯ ದೀಪದ ಬೆಳಕಿನಲ್ಲಿ ಆಡುವ ಮಗು, ಬೆಳಕು ಮುಗಿಯುವ ಗೆರೆಯವರೆಗೆ ಓಡಿ ಅಲ್ಲಿಂದ ತಿರುಗಿ ಬರುವ ಹಾಗೆ. ಒಳಬರುವುದಕ್ಕೆ ತಡೆಯಿಲ್ಲ, ಹೊರಹೋಗುವುದಕ್ಕೆ ಇದೆ. ಅದರಿಂದಲೇ ನಿಮಿಷ ಕಳೆದಂತೆ ಒಳಗಿನ ಗುಂಪು ದಟ್ಟವಾಗುತ್ತದೆ. ಜರ್ಮನಿಯ ತಿಯೋಡೋರ್ ಏಂಗಲ್‌ಮನ್ 1883ರಲ್ಲಿ ನೇರಳೆ ಬಣ್ಣದ ಬ್ಯಾಕ್ಟೀರಿಯಾಗಳಲ್ಲಿ ಇದನ್ನು ವಿವರಿಸಿದರು. ಬೆಳಕಿನ ಬೋನು ಎಂದು ಇದನ್ನು ಕರೆಯಬಹುದು.

ಬೆಳಕು ಒಂದು ಪಕ್ಕದಿಂದ ಬಂದಾಗ ಮಾತ್ರ ಅವು ನಿಜಕ್ಕೂ ದಿಕ್ಕು ಹಿಡಿದು ಸಾಗುತ್ತವೆ. ಯೂಗ್ಲೀನಾದ ಮುಂತುದಿಯಲ್ಲಿ ಕುಂಕುಮದ ಕಣದಂಥ ಕಿತ್ತಳೆಗೆಂಪು ಚುಕ್ಕೆಯೊಂದಿದೆ, ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ 400 ಪಟ್ಟು ಹಿಗ್ಗಿಸಿದಾಗ ಮೊದಲು ಕಣ್ಣಿಗೆ ಬೀಳುವುದೇ ಅದು. ಅದನ್ನು ಕಣ್ಣೆಂದು ಬಗೆದೇ ಜರ್ಮನಿಯ ವಿಜ್ಞಾನಿ ಏರೆನ್‌ಬರ್ಗ್ 1830ರಲ್ಲಿ ಗ್ರೀಕಿನ ಎರಡು ಪದ ಕೂಡಿಸಿ ‘ಒಳ್ಳೆಯ ಕಣ್ಣಿನದು’ ಎಂಬರ್ಥದ ಹೆಸರಿಟ್ಟರು. ವಾಸ್ತವವಾಗಿ ಆ ಚುಕ್ಕೆ ನೆರಳು ಕೊಡುವ ಪರದೆ ಮಾತ್ರ. ಬೆಳಕನ್ನು ಅರಿಯುವ ಭಾಗ ಅದರ ಪಕ್ಕದಲ್ಲಿ, ಈಜಲು ನೆರವಾಗುವ ಚಾವಟಿಯಂಥ ಎಳೆಯಾದ ಕಶಾಂಗದ ಬುಡದ ಉಬ್ಬಿನಲ್ಲಿದೆ. ಜೀವಿ ತಿರುಪಿನಂತೆ ಉರುಳುತ್ತ ಈಜುವಾಗ, ಬೆಳಕು ಪಕ್ಕದಿಂದ ಬರುತ್ತಿದ್ದರೆ ಪ್ರತಿ ಸುತ್ತಿಗೂ ಒಮ್ಮೆ ಚುಕ್ಕೆಯ ನೆರಳು ಆ ಉಬ್ಬಿನ ಮೇಲೆ ಬೀಳುತ್ತದೆ. ಹೀಗೆ ಬೆಳಕು ಮಿಣುಕುವುದನ್ನು ಹಿಡಿದೇ ಅದು ಮೈಯನ್ನು ಹೊರಳಿಸಿಕೊಳ್ಳುತ್ತದೆ.

ಇದನ್ನು ಕಣ್ಣಾರೆ ಕಂಡದ್ದು ಕರೆಂಟ್ ಹೋದಾಗ. ಎರಡನೆಯ ಸಲ ಬಿಳಿಯ ದೀಪ ಹಚ್ಚಿ ಚಿತ್ರವನ್ನು ಇನ್ನಷ್ಟು ಗಟ್ಟಿಗೊಳಿಸುತ್ತಿದ್ದೆ. 1 ಗಂಟೆ 25 ನಿಮಿಷಕ್ಕೆ ಎಲ್ಲವೂ ಆರಿತು. ಫೋಟೋ ತೆಗೆಯೋಣವೆಂದು ಅವ್ವ ಕಿಟಕಿಯ ಒಂದು ಬಾಗಿಲನ್ನು ಸ್ವಲ್ಪ ತೆರೆದಳು. ಮೊದಲು ಹಸಿರು ಕಟ್ಟೆ ಚೆನ್ನಾಗಿಯೇ ಕಂಡಿತು. ಐದು ನಿಮಿಷದೊಳಗೆ ತುಳಸಿಯ ಟೊಂಗೆಗಳು ಕಿಟಕಿಯ ಕಡೆಗೆ ವಾಲಿದವು, ಗಾಳಿ ಬೀಸಿದಂತೆ ಎಲ್ಲವೂ ಒಂದೇ ಪಕ್ಕಕ್ಕೆ. ಆಮೇಲೆ ಕಟ್ಟೆಯ ಮೂಲೆಗಳು ಸಡಿಲಗೊಂಡು, ಹತ್ತೇ ನಿಮಿಷಕ್ಕೆ ತಟ್ಟೆಯ ಕಿಟಕಿಬದಿಯ ಅಂಚಿನಲ್ಲಿ ಹಸಿರಿನ ಒಂದು ಬಿಲ್ಲು ಮಾತ್ರ ಉಳಿಯಿತು. ಅವ್ವ ಅದನ್ನು ನೋಡುತ್ತ, “ಎಳಿ ಎಣಿಸಿ ಹಾಕಿದ್ದನ್ನ ಎಳಿ ಎಣಿಸೇ ಬಿಚ್ಚಬೇಕು. ಇದು ತಾನ ಬಿಚ್ಚಿಕೊಳ್ಳಾಕತ್ತೈತಿ ನೋಡು” ಎಂದಳು.

ಚಿತ್ರವನ್ನು ನಿಲ್ಲಿಸುವ ಬಗೆಯೇ ಇಲ್ಲವೇ ಎಂದು ಅಪ್ಪ ಕೇಳಿದರು. ಅವರ ಕಸುಬಿನಲ್ಲಿ, ಚಿತ್ರವನ್ನು ಕಾಯಂ ಮಾಡುವ ಹೈಪೋ ದ್ರಾವಣದಲ್ಲಿ ಅದ್ದದ ಚಿತ್ರ ಚಿತ್ರವೇ ಅಲ್ಲ. ಫ್ರಾನ್ಸಿನ ಕಲಾವಿದೆ ಲಿಯಾ ಜಿರೋ ಅವರು ಬೆಳಕಿಗೆ ಸ್ಪಂದಿಸುವ ಪಾಚಿಗಳಿಂದಲೇ ಛಾಯಾಚಿತ್ರಗಳನ್ನು ರೂಪಿಸಿದ್ದಾರೆ. 2018ರಲ್ಲಿ ರೋಮ್‌ನ ವಿಜ್ಞಾನಿಗಳು, ಬೆಳಕಿನಿಂದ ಶಕ್ತಿ ಪಡೆಯುವಂತೆ ಜೀನ್ ಸೇರಿಸಿದ ಇ. ಕೋಲಿ ಬ್ಯಾಕ್ಟೀರಿಯಾಗಳಿಂದ ಮೊನಾಲಿಸಾಳ ಮುಖವನ್ನೇ ಮೂಡಿಸಿದರು. ಬೆಳಕು ಕಡಿಮೆಯಿದ್ದಲ್ಲಿ ಅವುಗಳ ಈಜು ನಿಧಾನವಾಗಿ ಗುಂಪು ದಟ್ಟವಾಗುತ್ತದೆ. ಅದೇ ಬ್ಯಾಕ್ಟೀರಿಯಾಗಳಿಂದ ಐನ್‌ಸ್ಟೈನರ ಮುಖ ಡಾರ್ವಿನ್ನರ ಮುಖವಾಗಿ ಬದಲಾಗುವುದನ್ನೂ ಅವರು ತೋರಿಸಿದ್ದಾರೆ. ಅದು ದೊಡ್ಡ ಸಾಧನೆ. ಆದರೂ ನನ್ನ ಮನಸ್ಸು ಒಲಿಯುವುದು, ಯಾವ ಬದಲಾವಣೆಗೂ ಒಳಗಾಗದೆ ಎಮ್ಮೆಯ ಬಾನಿಯ ಪಕ್ಕದ ತಗ್ಗಿನಿಂದ ಬಂದ ಈ ಜೀವಿಗಳಿಗೇ. ಔಷಧ ಹಾಕಿ ಇವುಗಳನ್ನು ಇದ್ದಲ್ಲಿಯೇ ಕೊಂದರೆ ಚಿತ್ರ ಕೆಲವು ದಿನ ಉಳಿದೀತು. ಅದನ್ನು ನಾನು ಮಾಡುವುದಿಲ್ಲವೆಂದು ಅಪ್ಪನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಮುಂದಿನ ಸಲ ಕ್ಯಾಮೆರಾವನ್ನು ಮೊದಲೇ ಸ್ಟ್ಯಾಂಡಿಗೆ ಕಟ್ಟಿ ಇಡಬೇಕೆಂದು ಹೇಳಿದರು.

ಮುಂದಿನ ರವಿವಾರಕ್ಕೆ ಆನೆಯ ವಿನ್ಯಾಸ. ಸೊಂಡಿಲು ಸಣ್ಣದಾಯಿತೆಂದು ನಾನು ಹೇಳಿದ ಮೇಲೆ ಅವ್ವ ಈಗ ದೀಪದ ಕೆಳಗೆ ಕುಳಿತು ಚೌಕಗಳನ್ನು ಮತ್ತೆ ಎಣಿಸುತ್ತಿದ್ದಾಳೆ. ತಟ್ಟೆಯ ನೀರನ್ನು ಬಾಟಲಿಗೆ ಮರಳಿ ಸುರಿದು ಕಿಟಕಿಯಲ್ಲಿ ಇಟ್ಟಿದ್ದೇನೆ. ಸಂಜೆ 5ರವರೆಗೆ ಗಾಜಿಗೆ ಅಂಟಿಕೊಂಡಂತೆ ನಿಂತಿದ್ದ ಹಸಿರು ಪಟ್ಟಿ, ಈಗ ರಾತ್ರಿ 9ಕ್ಕೆ, ಕೋಣೆಯಲ್ಲಿ ದೀಪ ಉರಿಯುತ್ತಿದ್ದರೂ, ಬಿಡಿಸಿಕೊಂಡು ನೀರಿನ ತುಂಬ ಹರಡಿದೆ.