ಸಿಟ್ಟು ಏರ್ತಿರೋವಾಗ ಏನ್ಮಾಡೋದು

ಸೈಕಿಯಾಟ್ರಿ ವಾರ್ಡಲ್ಲಿ ನರ್ಸ್ ಆಗಿರೋ ನಂಗೆ ಇದು ದಿನದ ವಿಷ್ಯ. ಮೊದ್ಲೆಲ್ಲಾ ಪೇಷೆಂಟ್ ಕೂಗಾಡಿದ್ರೆ ನಾನೂ ದನಿ ಏರಿಸ್ತಿದ್ದೆ, ನಾಲ್ಕು ಜನ ಓಡಿ ಬಂದು ಸುತ್ತ ನಿಲ್ತಿದ್ವಿ, ಆಮೇಲೆ ಕೈಕಾಲು ಹಿಡಿಯೋದು, ಇಂಜೆಕ್ಷನ್ನು... ಅವ್ರ ಕಣ್ಣಲ್ಲಿ ಸಿಟ್ಟಿಗಿಂತ ಹೆದರಿಕೆನೇ ಜಾಸ್ತಿ ಕಾಣ್ತಿತ್ತು.

ಇಂಗ್ಲೆಂಡಲ್ಲಿ ಸೈಕಿಯಾಟ್ರಿ ನರ್ಸಿಂಗ್ ಸಂಶೋಧಕ ಲೆನ್ ಬೋವರ್ಸ್ ತಂಡ 15 ಆಸ್ಪತ್ರೆಗಳ 31 ವಾರ್ಡಲ್ಲಿ ‘ಸೇಫ್‌ವಾರ್ಡ್ಸ್’ ಅಂತ ಟ್ರಯಲ್ ಮಾಡಿ 2015ರಲ್ಲಿ ರಿಸಲ್ಟ್ ಕೊಟ್ರು. ಅದನ್ನ ಅಳವಡಿಸಿದ ವಾರ್ಡುಗಳಲ್ಲಿ ಬೇರೆ ವಾರ್ಡಿಗಿಂತ ಗಲಾಟೆ ಥರದ ಘಟನೆ ಸುಮಾರು 15%, ಬಲವಂತವಾಗಿ ಹಿಡಿಯೋದು ಕೂಡಿಹಾಕೋದು ಥರದ್ದು 26% ಕಮ್ಮಿ! ಮಾಡಿದ್ದೇನು ಅಂದ್ರೆ ಮೆತ್ತಗೆ ಮಾತಾಡೋದು, ಕೆಟ್ಟ ಸುದ್ದಿ ಕೇಳಿರೋರ ಜೊತೆ ಇದ್ದು ಸಮಾಧಾನ ಮಾಡೋದು, ಗಲಾಟೆ ಮುಗಿದ್ಮೇಲೆ ಪಕ್ಕದ ಪೇಷೆಂಟ್‌ಗಳಿಗೂ ಧೈರ್ಯ ಹೇಳೋದು (ಇದನ್ನ ನಾವು ಮರೆತೇಬಿಡ್ತೀವಿ).

ದಿಂಬಿಗೆ ಗುದ್ದಿ ಸಿಟ್ಟು ತೀರಿಸ್ಕೋ ಅನ್ನೋ ಸಲಹೆ ದಯವಿಟ್ಟು ಕೊಡ್ಬೇಡಿ, 2002ರಲ್ಲಿ ಮನಶ್ಶಾಸ್ತ್ರಜ್ಞ ಬ್ರಾಡ್ ಬುಷ್‌ಮನ್ ಮಾಡಿದ ಪ್ರಯೋಗದಲ್ಲಿ ಸಿಟ್ಟು ಬರಿಸಿದವರನ್ನ ನೆನೆಸ್ಕೊಂಡು ಪಂಚಿಂಗ್ ಬ್ಯಾಗ್‌ಗೆ ಹೊಡೆದವ್ರ ಸಿಟ್ಟು ಜಾಸ್ತಿನೇ ಇತ್ತು.

ಮೊನ್ನೆ ಒಬ್ರು ಕುರ್ಚಿ ಎತ್ತಿದ್ರು. ನಾನು ಎರಡು ಹೆಜ್ಜೆ ಹಿಂದೆ ಸರಿದು, ಕೈ ಕಾಣೋ ಹಾಗೆ ಇಟ್ಕೊಂಡು, ‘ಏನಾಯ್ತು ಹೇಳಿ, ಕೇಳ್ತೀನಿ’ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ರು, ಆಮೇಲೆ ಕುರ್ಚಿ ಕೆಳಗಿಟ್ಟು ಮಗಳ ಜೊತೆ ಫೋನಲ್ಲಿ ಮಾತಾಡ್ಬೇಕು ಅಂತ ಅತ್ತುಬಿಟ್ರು.